ಧನ್ಯರು ಯಾರು?

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಯಾವ ಊರಿಗೆ ಹೋದರೂ, ಹಿರಿಯರ ಕಾಲಿಗೆ ಎರಗಿದ ಹೊಸ ಮದುಮಗಳಿಗೆ ದೊರೆಯುವ ಹರಕೆಯು ಬಹುಮಟ್ಟಿಗೆ ಒಂದೇ ಬಗೆಯದಾಗಿರುತ್ತದೆ. ಮನೆ ತುಂಬಲಿ, ಮಡಿಲು ತುಂಬಲಿ, ಗಂಡುಮಗುವಿನ ತಾಯಾಗು ಎಂಬುದೇ ಅದರ ಸಾರ. ಹಾಗೆ ಹರಸುವವರ ಮನಸ್ಸಿನಲ್ಲಿ ಕೇಡಿನ ಎಣಿಕೆ ಇಲ್ಲವೆಂಬುದನ್ನು ನಾವು ಬಲ್ಲೆವು. ತಮಗೆ ತಿಳಿದಿರುವ ಸುಖಗಳಲ್ಲಿ ಉತ್ತಮವಾದುದನ್ನೇ ಅವರು ಆ ಹುಡುಗಿಗೆ ಬಯಸುತ್ತಾರೆ. ಕ್ರೈಸ್ತರ ಮನೆಗಳಲ್ಲಿ ಇದೇ ಮಾತಿಗೆ ದೇವರ ಹೆಸರು ಕೂಡಿಕೊಳ್ಳುತ್ತದೆ. ಆದರೆ ಒಳಗಿರುವ ಆಶೆಯು ಬೇರೆಯದೆಂದು ಹೇಳುವ ಧೈರ್ಯ ನಮಗಿಲ್ಲ. ಹೀಗಿರಲಾಗಿ, ಸತ್ಯವೇದವು ಯಾರನ್ನು ಧನ್ಯರೆಂದು ಕರೆಯುತ್ತದೆ, ಯಾವುದನ್ನು ಆಶೀರ್ವಾದವೆಂದು ಎಣಿಸುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಈ ಸಂಚಿಕೆಯಲ್ಲಿ ತುಸು ವಿವರವಾಗಿ ಇಡುವುದು ಯುಕ್ತವೆಂದು ನಮಗೆ ತೋರಿತು.

ಮೊದಲು ಶಬ್ದವನ್ನೇ ವಿಚಾರಿಸೋಣ. ಧನ್ಯ ಎಂಬುದು ಧನ ಎಂಬ ಮಾತಿನಿಂದ ಹುಟ್ಟಿದುದು. ಧನವುಳ್ಳವನು, ಭಾಗ್ಯವಂತನು ಎಂಬುದು ಅದರ ಮೂಲಾರ್ಥ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬ ಬೋಧಕರು ೧೮೧೦ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು ಭಾಷಾಂತರಕ್ಕೆ ಕೈಯಿಟ್ಟರು. ೧೮೩೧ರ ಹೊತ್ತಿಗೆ ಸತ್ಯವೇದವೆಲ್ಲವೂ ಕನ್ನಡದಲ್ಲಿ ಅಚ್ಚಾಗಿ ಬಂದಿತು. ಅನಂತರ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರೂ, ಆಮೇಲೆ ಮೈಸೂರಿನ ವೆಸ್ಲಿಯನ್ ಮಿಷನ್ನಿನವರೂ ಅದನ್ನು ತಿದ್ದಿದರು. ಈ ಪರಂಪರೆಯಿಂದ ನಮ್ಮ ಕೈಗೆ ಬಂದಿರುವ ಕನ್ನಡ ಸತ್ಯವೇದದಲ್ಲಿ ಒಂದು ವಿಚಿತ್ರವುಂಟು. ಕರ್ತನಾದ ಯೇಸು ಬೆಟ್ಟದ ಮೇಲೆ ಕುಳಿತು ಉಪದೇಶವನ್ನು ಪ್ರಾರಂಭಿಸಿದಾಗ, ಮೊಟ್ಟಮೊದಲು ಧನ್ಯರೆನಿಸಿಕೊಂಡವರು ಬಡವರು: ತಮ್ಮಲ್ಲಿ ಏನೂ ಇಲ್ಲವೆಂದು ದೇವರ ಮುಂದೆ ಒಪ್ಪಿಕೊಂಡವರು. ಧನದಿಂದ ಹುಟ್ಟಿದ ಮಾತನ್ನು ಧನವಿಲ್ಲದವರ ತಲೆಯ ಮೇಲೆ ಇಟ್ಟಂತಾಯಿತು. ಲೂಕನು ಬರೆದಿರುವ ಸುವಾರ್ತೆಯಲ್ಲಿ ಇದು ಇನ್ನೂ ಚುರುಕಾಗಿದೆ. ಅಲ್ಲಿ ನಾಲ್ಕು ಧನ್ಯವಾಕ್ಯಗಳು ಮುಗಿದ ಕೂಡಲೇ, ಐಶ್ವರ್ಯವಂತರಿಗೂ ಹೊಟ್ಟೆ ತುಂಬಿದವರಿಗೂ ನಾಲ್ಕು ಅಯ್ಯೋಗಳು ಬರುತ್ತವೆ. ಭಾಷಾಂತರಿಸಿದವರು ಬೇಕೆಂದೇ ಹೀಗೆ ಮಾಡಿದರೋ ಇಲ್ಲವೋ, ಕನ್ನಡದ ಕಿವಿಗೆ ಈ ಮಾತು ಮೂಲಭಾಷೆಯಲ್ಲಿರುವುದಕ್ಕಿಂತಲೂ ಹೆಚ್ಚಾಗಿ ನಾಟುತ್ತದೆಂದು ನಮ್ಮ ಅಭಿಪ್ರಾಯ.

ಮೂಲಭಾಷೆಯಾದ ಇಬ್ರಿಯದಲ್ಲಿ ಈ ಅರ್ಥಕ್ಕೆ ಎರಡು ಬೇರೆ ಬೇರೆ ಮಾತುಗಳುಂಟು. ಒಂದು ಬಾರೂಕ್, ಇದು ಆಶೀರ್ವಾದ ಹೊಂದಿದ ಎಂಬರ್ಥದ್ದು. ಇದು ಕೊಡುವವನಿಂದ ಬರುವಂಥದು. ಒಬ್ಬನು ಕೊಡದಿದ್ದರೆ ಇನ್ನೊಬ್ಬನಿಗೆ ಇಲ್ಲ. ಎರಡನೆಯದು ಅಶ್ರೇ. ನೆಟ್ಟಗೆ ನಡೆಯುವುದೆಂಬ ಅರ್ಥವುಳ್ಳ ಧಾತುವಿಗೆ ಇದು ಸೇರಿದ್ದೆಂದು ಪಂಡಿತರು ಹೇಳುತ್ತಾರೆ. ಒಬ್ಬನ ಬದುಕನ್ನು ನೋಡಿ, ಇವನು ಸರಿಯಾದ ದಾರಿಯಲ್ಲಿದ್ದಾನೆ, ಇವನ ಬಾಳು ಚೆನ್ನಾಯಿತು ಎಂದು ಉದ್ಗರಿಸುವ ಮಾತು ಇದು. ಕೀರ್ತನೆಗಳ ಪುಸ್ತಕವು ಪ್ರಾರಂಭವಾಗುವುದೇ ಈ ಎರಡನೆಯ ಮಾತಿನಿಂದ. ನಮ್ಮ ಸತ್ಯವೇದವು ಅದನ್ನು ಧನ್ಯನು ಎಂದೂ, ಮೊದಲನೆಯದನ್ನು ಆಶೀರ್ವಾದ ಎಂದೂ ಬಹುಮಟ್ಟಿಗೆ ಬೇರ್ಪಡಿಸಿ ಇಟ್ಟಿರುವುದು ಒಳ್ಳೆಯದೇ ಆಯಿತು. ಸಂತೋಷವೆಂಬುದು ಇವೆರಡಕ್ಕೂ ಸಮನಲ್ಲ. ಹಬ್ಬದ ದಿನ ಸಂತೋಷ ಬರುತ್ತದೆ, ಮಾರನೆಯ ದಿನ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಧನ್ಯತೆಯಾದರೋ ಬಾಳು ಯಾವುದಕ್ಕೆ ಬೇರೂರಿದೆ ಎಂಬುದಕ್ಕೆ ಸಂಬಂಧಪಟ್ಟದ್ದು.

ಬೇರು ಎಂದೆವು. ಒಂದನೆಯ ಕೀರ್ತನೆಯನ್ನು ಓದಿದವರಿಗೆ ಅಲ್ಲಿಯ ಮರದ ನೆನಪು ಬಂದೇ ಬರುವುದು. ದೇವರ ಧರ್ಮೋಪದೇಶವನ್ನು ಹಗಲಿರುಳು ಧ್ಯಾನಿಸುವವನು ನೀರಿನ ಬಳಿಯಲ್ಲಿ ನೆಟ್ಟ ಮರದ ಹಾಗಿದ್ದಾನೆಂದು ಕೀರ್ತನೆಗಾರನು ಹೇಳುತ್ತಾನೆ. ಸಾಮಾನ್ಯವಾಗಿ ಇದನ್ನು ಓದುವವರು ಒಂದು ಹೊಳೆಯನ್ನೂ ಅದರ ದಡದಲ್ಲಿ ತಾನಾಗಿ ಬೆಳೆದ ಮರವನ್ನೂ ಕಲ್ಪಿಸಿಕೊಳ್ಳುತ್ತಾರೆ. ಆದರೆ ಇಬ್ರಿಯ ಮಾತು ಹೊಳೆಯಲ್ಲ. ಒಡೆದು ಹಂಚಿದ ನೀರು, ಎಂದರೆ ಕಾಲುವೆಗಳು. ಮರವೂ ತಾನಾಗಿ ಹುಟ್ಟಿದ್ದಲ್ಲ. ಒಂದು ಕಡೆಯಿಂದ ಕಿತ್ತು ತಂದು ನಾಟಿ ಮಾಡಿದ್ದೆಂಬ ಅರ್ಥ ಆ ಕ್ರಿಯಾಪದದಲ್ಲಿದೆ. ಮಳೆ ಕಡಮೆಯಾದ ದೇಶದಲ್ಲಿ, ಯಾರೋ ಅಗೆದ ಕಾಲುವೆಯ ಬದಿಗೆ, ಯಾರೋ ತಂದು ನೆಟ್ಟ ಸಸಿ ಅದು. ಈ ಚಿತ್ರವನ್ನು ಲಂಡನ್ನಿನ ಓದುಗನಿಗೆ ವಿವರಿಸಬೇಕಾದೀತು. ಮಂಡ್ಯದವರಿಗೆ ವಿವರಿಸಬೇಕಾದ ಅಗತ್ಯವಿಲ್ಲ.

ಏಕೆಂದರೆ ನಮ್ಮ ಸೀಮೆಯ ಚರಿತ್ರೆಯೇ ಈ ಕೀರ್ತನೆಗೆ ವ್ಯಾಖ್ಯಾನದಂತಿದೆ. ೧೮೭೬ರಿಂದ ೧೮೭೮ರ ವರೆಗೆ ನಡೆದ ಘೋರ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಸುಮಾರು ೧೦ ಲಕ್ಷ ಜನರನ್ನು ಕಳೆದುಕೊಂಡಿತು. ಆ ಕಾಲದಲ್ಲಿ ಈ ಕಡೆಯ ಹೆಚ್ಚಿನ ಹೊಲಗಳು ಮಳೆಯನ್ನೇ ನಂಬಿದ ರಾಗಿಯ ಹೊಲಗಳು. ಕೆರೆ ತುಂಬಿದರೆ ಊಟ, ತುಂಬದಿದ್ದರೆ ಗುಳೆ. ಕಾವೇರಿಯು ಪಕ್ಕದಲ್ಲಿಯೇ ಹರಿಯುತ್ತಿದ್ದರೂ ಅದರ ನೀರು ಎತ್ತರದ ಈ ನೆಲಕ್ಕೆ ಏರುತ್ತಿರಲಿಲ್ಲ. ೧೯೧೧ರಲ್ಲಿ ಕನ್ನಂಬಾಡಿಯ ಬಳಿ ಅಣೆಕಟ್ಟಿನ ಕೆಲಸ ಪ್ರಾರಂಭವಾಯಿತು. ಕೃಷ್ಣರಾಜಸಾಗರವು ಪೂರ್ತಿಯಾಗುವುದಕ್ಕೆ ಸುಮಾರು ೨೦ ವರ್ಷ ಹಿಡಿಯಿತು. ಅಲ್ಲಿಂದ ಹೊರಟ ದೊಡ್ಡ ನಾಲೆಗೆ ಮೊದಲು ಇರ್ವಿನ್ ನಾಲೆಯೆಂದೂ ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾಯಿತು. ಹುಲಿಕೆರೆಯ ಹತ್ತಿರ ಅಡ್ಡ ಬಂದ ದಿಣ್ಣೆಯನ್ನು ಸುತ್ತಿಕೊಂಡು ಹೋಗುವುದಕ್ಕೆ ಬದಲಾಗಿ, ನೆಲದೊಳಗೆ ಸುರಂಗವನ್ನು ಕೊರೆದು ನೀರನ್ನು ಆಚೆಗೆ ದಾಟಿಸಿದರು. ಆ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಲಗಳಿಗೆ ಹರಿದ ಮೇಲೆ ರಾಗಿಯ ಪಕ್ಕದಲ್ಲಿ ಬತ್ತವೂ ಕಬ್ಬೂ ನಿಂತವು. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ೧೯೩೯ರಲ್ಲಿ ಮಂಡ್ಯವೇ ಒಂದು ಜಿಲ್ಲೆಯ ಮುಖ್ಯಪಟ್ಟಣವಾಯಿತು.

ನಾಲೆಯ ಬದಿಯ ರೈತನು ಆ ನೀರಿಗೆ ಏನು ಮಾಡಿದ್ದನು? ಅವನು ಅಣೆಕಟ್ಟನ್ನು ಕಟ್ಟಲಿಲ್ಲ, ಸುರಂಗವನ್ನು ಕೊರೆಯಲಿಲ್ಲ, ಕೊಡಗಿನಲ್ಲಿ ಮಳೆಯನ್ನು ಸುರಿಸಲಿಲ್ಲ. ಆದರೂ ತೂಬಿನಿಂದ ತನ್ನ ಗದ್ದೆಗೆ ಕಾಲುವೆಯನ್ನು ತೋಡಿಕೊಳ್ಳದೆ ಹೋಗಿದ್ದರೆ ಅವನ ಬೆಳೆ ಒಣಗುತ್ತಿತ್ತು. ಕ್ರೈಸ್ತಮತದಲ್ಲಿ ಕೃಪೆಯೆಂದೂ ನಂಬಿಕೆಯೆಂದೂ ಕರೆಯುವ ಎರಡು ಸಂಗತಿಗಳು ಹೀಗೆಯೇ ಒಂದಕ್ಕೊಂದು ಹೊಂದಿಕೊಂಡಿವೆ. ನೀರು ಪೂರ್ತಿಯಾಗಿ ದಾನವಾಗಿ ಬಂದದ್ದು. ಅದನ್ನು ಬರಮಾಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಆ ಕೀರ್ತನೆಯ ಇನ್ನೊಂದು ಮಾತನ್ನೂ ಇಲ್ಲಿ ಗಮನಿಸಬೇಕು. ಮರವು ಯಾವಾಗಲೂ ಹಣ್ಣು ಬಿಡುತ್ತದೆಂದು ಅಲ್ಲಿ ಹೇಳಿಲ್ಲ. ತಕ್ಕ ಕಾಲದಲ್ಲಿ ಬಿಡುತ್ತದೆಂದು ಹೇಳಿದೆ. ಹನ್ನೆರಡು ತಿಂಗಳು ಕಾದು ಕಬ್ಬು ಕಡಿಯುವವರಿಗೆ ಇದು ತಿಳಿಯದ ವಿಷಯವಲ್ಲ. ದೇವಭಕ್ತಿಯುಳ್ಳ ಮನೆಗಳಲ್ಲಿಯೂ ಹಣ್ಣಿಲ್ಲದ ಋತುಗಳು ಬರುತ್ತವೆ; ಎಲೆ ಬಾಡದೆ ನಿಂತಿದ್ದರೆ ಅದೇ ಆಗಿನ ಧನ್ಯತೆ.

ಇದಕ್ಕೆ ಎದುರಾಗಿ ಕೀರ್ತನೆಗಾರನು ಕಣದ ಚಿತ್ರವನ್ನು ಇಡುತ್ತಾನೆ. ತೂರುವಾಗ ಗಾಳಿಯು ಬಡಿದುಕೊಂಡು ಹೋಗುವ ಹೊಟ್ಟು ಅದು. ಹೊಟ್ಟಿನಲ್ಲಿ ವಿಷವೇನೂ ಇಲ್ಲ, ತೂಕವಿಲ್ಲ, ಅಷ್ಟೇ. ಗಾಳಿ ಯಾವ ಕಡೆಗೆ ಬೀಸಿದರೆ ಆ ಕಡೆಗೆ ಹಾರುವುದು. ನೆರೆಯವರು ಏನೆನ್ನುವರು, ನೆಂಟರು ಏನೆನ್ನುವರು ಎಂಬ ಗಾಳಿಗೆ ಹಾರುವ ಬಾಳುಗಳು ನಮ್ಮ ನಡುವೆ ಎಷ್ಟೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ.

ಹಗಲಿರುಳು ಧ್ಯಾನಿಸುವುದು ಎಂದರೇನು? ಕಣ್ಣು ಮುಚ್ಚಿ ಮೌನವಾಗಿ ಕುಳಿತುಕೊಳ್ಳುವುದೆಂದು ಹಲವರು ತಿಳಿದಿದ್ದಾರೆ. ಇಬ್ರಿಯದ ಮಾತಿಗೆ ಗೊಣಗುವುದು, ಮೆಲ್ಲನೆ ಬಾಯಲ್ಲಿ ಆಡಿಕೊಳ್ಳುವುದು ಎಂಬರ್ಥವುಂಟು. ಪಾರಿವಾಳದ ಗುಟುರಿಗೂ, ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ ಸತ್ಯವೇದವು ಅದೇ ಮಾತನ್ನು ಬಳಸಿದೆ. ಆದುದರಿಂದ, ಹಜಾರದ ಕಂಬಕ್ಕೆ ಒರಗಿ ಕುಳಿತು ಪಾಠವನ್ನು ಉರು ಹೊಡೆಯುವ ಹುಡುಗಿಯು ಕೀರ್ತನೆಗಾರನ ಧ್ಯಾನಕ್ಕೆ ನಾವು ತಿಳಿದಿರುವುದಕ್ಕಿಂತ ಹತ್ತಿರವಾಗಿದ್ದಾಳೆ. ನೂರ ಹತ್ತೊಂಬತ್ತನೆಯ ಕೀರ್ತನೆಯೂ ಅಶ್ರೇ ಎಂಬ ಮಾತಿನಿಂದಲೇ ಮೊದಲಾಗುತ್ತದೆ. ಅದರಲ್ಲಿ ೧೭೬ ವಚನಗಳಿವೆ; ಇಬ್ರಿಯ ಅಕ್ಷರಮಾಲೆಯ ೨೨ ಅಕ್ಷರಗಳಲ್ಲಿ ಒಂದೊಂದಕ್ಕೆ ಎಂಟೆಂಟು ವಚನಗಳಂತೆ ಅದನ್ನು ಕಟ್ಟಿದ್ದಾರೆ. ಅಕ್ಷರಾಭ್ಯಾಸವೂ ದೇವಧ್ಯಾನವೂ ಒಂದೇ ಹಲಗೆಯ ಮೇಲೆ ಕುಳಿತಿರುವ ಕೀರ್ತನೆ ಅದು. ಅಕ್ಷರವನ್ನೇ ಕೊಡದೆ ಧ್ಯಾನಿಸು ಎಂದರೆ ಪ್ರಯೋಜನವೇನು?

ಈ ಪ್ರಶ್ನೆಯೇ ನಮ್ಮಂಥ ಪಾಠಶಾಲೆಗಳನ್ನು ಹುಟ್ಟಿಸಿತು. ಹೆಣ್ಣುಮಕ್ಕಳಿಗೆ ಓದು ಕಲಿಸಿದರೆ ಮನೆತನಕ್ಕೆ ಕೇಡೆಂದು ಜನರು ನಂಬಿದ್ದ ೧೮೪೦ರ ದಶಕದಲ್ಲಿ, ಬೆಂಗಳೂರಿನ ಲಂಡನ್ ಮಿಷನ್ನಿನ ಬೋಧಕರ ಪತ್ನಿಯರು ಕನ್ನಡ ಹೆಣ್ಣುಮಕ್ಕಳಿಗಾಗಿ ಪಾಠಶಾಲೆಯನ್ನು ತೆರೆದರು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನಿನವರು ಅದೇ ಕೆಲಸವನ್ನು ಕೈಕೊಂಡರು. ಮಿಷನ್ನಿನವರೇ ಎಲ್ಲವನ್ನೂ ಮಾಡಿದರೆಂದು ಹೇಳುವುದು ನ್ಯಾಯವಲ್ಲ. ೧೮೮೧ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆಯು ಸ್ಥಾಪಿತವಾದ ಮೇಲೆ ದೊಡ್ಡ ಮನೆತನಗಳ ಹಿಂಜರಿಕೆಯು ಎಷ್ಟೋ ಕಡಮೆಯಾಯಿತು. ಆದರೆ ಕೆರೆಬಾವಿಗಳ ಬಳಿಗೂ ಸೇರಿಸದಿದ್ದ ಕುಲಗಳ ಹುಡುಗಿಯರ ಕೈಗೆ ಪುಸ್ತಕವನ್ನು ಕೊಟ್ಟವರಲ್ಲಿ ಮಿಷನ್ ಪಾಠಶಾಲೆಗಳು ಮುಂದಿದ್ದುವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಮನೆಮನೆಗೆ ನಡೆದು ಹೋಗಿ ಹೆಂಗಸರಿಗೆ ಓದಿ ಹೇಳುತ್ತಿದ್ದ ಬೈಬಲ್ ಸ್ತ್ರೀಯರ ಹೆಸರುಗಳು ವರದಿಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಅವರ ನಡಿಗೆಯ ಲೆಕ್ಕವನ್ನು ಯಾರೂ ಇಡಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆವು. ನಂಬಿದರೆ ಸಾಲ ತೀರುವುದು, ಕಾಣಿಕೆ ಹಾಕಿದರೆ ಎರಡರಷ್ಟು ಹಿಂದಿರುಗುವುದು, ವ್ಯಾಧಿ ಬಾರದು, ಬೆಳೆ ಕೆಡದು ಎಂದು ಬೋಧಿಸುವವರು ಈಗ ಎಲ್ಲೆಲ್ಲಿಯೂ ಇದ್ದಾರೆ. ಕೈಯಲ್ಲಿರುವ ಟೆಲಿಫೋನಿನಲ್ಲಿಯೇ ಅವರ ಪ್ರಸಂಗಗಳು ಮನೆಯೊಳಕ್ಕೆ ಬರುತ್ತವೆ. ಇದು ಸತ್ಯವೇದದ ಧನ್ಯತೆಯಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ೨೦೧೫ರಲ್ಲಿ ಕಬ್ಬಿನ ಹಣ ಸಕಾಲಕ್ಕೆ ಕೈಗೆ ಬಾರದೆ, ಸಾಲದ ಭಾರವನ್ನು ತಾಳಲಾರದೆ ನಮ್ಮ ಜಿಲ್ಲೆಯ ರೈತರು ಪ್ರಾಣ ಬಿಟ್ಟ ಸುದ್ದಿಯನ್ನು ನಾಡೆಲ್ಲವೂ ಓದಿತು. ಅವರು ದೇವರ ಆಶೀರ್ವಾದವನ್ನು ಕಳೆದುಕೊಂಡವರೆಂದು ಹೇಳುವ ನಾಲಿಗೆ ಯಾರಿಗಾದರೂ ಉಂಟೇ? ನಾಲೆಯ ನೀರು ಬಂದದ್ದು ದೊಡ್ಡ ಉಪಕಾರವೇ. ಆದರೆ ನೀರು ಬಂದ ಕಡೆಗಳಲ್ಲಿ ಬೆಲೆಯ ಏರಿಳಿತವೂ ಸಾಲವೂ ಬಂದುವು. ಬಸಿದು ಹೋಗುವುದಕ್ಕೆ ದಾರಿಯಿಲ್ಲದೆ ನೀರು ನಿಂತ ತಗ್ಗುಗಳಲ್ಲಿ ನೆಲವು ಜೌಗಾಗಿ ಚೌಳು ಮೂಡಿತು. ಹರಿದು ಬಂದದ್ದು ಹರಿದು ಹೋಗದಿದ್ದರೆ ಅದೇ ನೀರು ನೆಲವನ್ನು ಕೆಡಿಸುತ್ತದೆ. ದೇವರು ಅಬ್ರಹಾಮನನ್ನು ಆಶೀರ್ವದಿಸಿದಾಗ ಅವನ ಮೂಲಕ ಬೇರೆ ಜನಾಂಗಗಳಿಗೂ ಆಶೀರ್ವಾದವಾಗಬೇಕೆಂದು ಕೂಡಿಸಿಯೇ ಹೇಳಿದ್ದರ ಕಾರಣವು ಚೌಳು ನೆಲವನ್ನು ನೋಡಿದವರಿಗೆ ಬೇಗನೆ ತಿಳಿಯುತ್ತದೆ.

ಪ್ರವಾದಿಯಾದ ಹಬಕ್ಕೂಕನು ತನ್ನ ಪುಸ್ತಕದ ಕೊನೆಯಲ್ಲಿ, ಅಂಜೂರವು ಚಿಗುರದೆ, ದ್ರಾಕ್ಷೆಯು ಫಲಿಸದೆ, ಹೊಲದಲ್ಲಿ ಆಹಾರವಿಲ್ಲದೆ, ಕೊಟ್ಟಿಗೆಯಲ್ಲಿ ದನಗಳಿಲ್ಲದೆ ಹೋದರೂ ತಾನು ದೇವರಲ್ಲಿ ಉಲ್ಲಾಸಪಡುವೆನೆನ್ನುತ್ತಾನೆ. ರೈತನ ಮನೆಯ ಆಸ್ತಿಯ ಪಟ್ಟಿಯನ್ನೇ ಒಂದೊಂದಾಗಿ ಓದಿ, ಒಂದೊಂದನ್ನೂ ಹೊಡೆದು ಹಾಕಿದಂತಿದೆ ಆ ಭಾಗ. ಇದನ್ನು ಹಸಿದವನ ಮುಂದೆ ಉಪದೇಶವಾಗಿ ಓದುವುದು ಕ್ರೂರತನವಾದೀತು. ಹಸಿದವನ ಪಕ್ಕದಲ್ಲಿ ಕುಳಿತು, ಅವನ ಸಾಲದ ಕಾಗದಗಳನ್ನು ನೋಡಿ ಸಹಾಯ ಮಾಡುತ್ತ, ಅವನೊಡನೆ ಓದಬೇಕಾದ ಮಾತು ಅದು.

ಇನ್ನು ಮೊದಲು ಹೇಳಿದ ಹರಕೆಗೆ ಹಿಂದಿರುಗೋಣ. ಗಂಡುಮಕ್ಕಳ ತಾಯಿಯೇ ಧನ್ಯಳೆಂಬ ಎಣಿಕೆಯು ಸತ್ಯವೇದದಲ್ಲಿಯೂ ಇಲ್ಲದಿಲ್ಲ. ಆದಿಕಾಂಡದಲ್ಲಿ ಯಾಕೋಬನ ಹೆಂಡತಿಯಾದ ಲೇಯಳ ಕಥೆಯನ್ನು ಓದಿರಿ. ಗಂಡನ ಪ್ರೀತಿಯನ್ನು ಕಾಣದ ಆ ಹೆಂಗಸು ಒಂದೊಂದು ಗಂಡುಮಗುವಿಗೂ ತನ್ನ ಆಶೆಯನ್ನೋ ದುಃಖವನ್ನೋ ಹೆಸರಾಗಿ ಇಡುತ್ತಾಳೆ. ತನ್ನ ದಾಸಿಯಲ್ಲಿ ಹುಟ್ಟಿದ ಮಗನೊಬ್ಬನಿಗೆ ಆಶೇರನೆಂದು ಹೆಸರಿಟ್ಟು, ಇನ್ನು ಸ್ತ್ರೀಯರೆಲ್ಲರೂ ತನ್ನನ್ನು ಧನ್ಯಳೆನ್ನುವರೆಂದು ಹಿಗ್ಗುತ್ತಾಳೆ. ನಾವು ಮೇಲೆ ಹೇಳಿದ ಅಶ್ರೇ ಎಂಬ ಮಾತಿನ ಬಳಗದ ಹೆಸರೇ ಅದು. ಕೊನೆಗೆ ಅವಳಿಗೆ ಒಬ್ಬ ಮಗಳು ಹುಟ್ಟಿದಳು. ಅವಳ ಹೆಸರು ದೀನ ಎಂಬಷ್ಟನ್ನು ಒಂದೇ ಸಾಲಿನಲ್ಲಿ ಹೇಳಿ ಕಥೆಯು ಮುಂದಕ್ಕೆ ಹೋಗುತ್ತದೆ. ಗಂಡುಮಕ್ಕಳ ಹೆಸರುಗಳಿಗೆಲ್ಲ ಅರ್ಥವನ್ನು ಹೇಳಿದ ತಾಯಿಯು ಮಗಳ ಹೆಸರಿಗೆ ಯಾವ ಅರ್ಥವನ್ನೂ ಹೇಳಲಿಲ್ಲ. ಸತ್ಯವೇದವು ಈ ಮೌನವನ್ನು ಹೊಗಳುವುದಿಲ್ಲ, ಮುಚ್ಚಿಡುವುದೂ ಇಲ್ಲ. ಮನುಷ್ಯರ ಮನೆಗಳು ಹೇಗಿದ್ದವೋ ಹಾಗೆಯೇ ತೋರಿಸುತ್ತದೆ.

ಆ ಮೌನವು ನಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಮುಟ್ಟಿತೆಂಬುದನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಗರ್ಭದಲ್ಲಿರುವ ಶಿಶುವು ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದನ್ನು ೧೯೯೪ರ ಕಾನೂನು ನಿಷೇಧಿಸಿದೆ. ಹಾಗಿದ್ದರೂ ೨೦೨೩ರ ಕೊನೆಯ ತಿಂಗಳುಗಳಲ್ಲಿ, ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಗರ್ಭಿಣಿಯರನ್ನು ಕರೆತಂದು ಹೆಣ್ಣುಶಿಶುಗಳನ್ನು ಪತ್ತೆ ಮಾಡುತ್ತಿದ್ದ ಜಾಲವನ್ನು ಪೋಲೀಸಿನವರು ಬಯಲಿಗೆಳೆದರು. ಆಲೆಮನೆಯೆಂದರೆ ನಮ್ಮ ಮಕ್ಕಳಿಗೆ ಬಿಸಿಬೆಲ್ಲದ ವಾಸನೆ, ಹಿಡಿಯಷ್ಟು ಪಾಕ, ಕಬ್ಬಿನ ಹಾಲು. ಊರಿನ ಸಿಹಿಯೆಲ್ಲವೂ ಕುದಿಯುವ ಸ್ಥಳ. ನಾಲೆಯಿಂದ ಬಂದ ಸಮೃದ್ಧಿಯ ಗುರುತೇ ಅದು. ಅಂಥ ಸ್ಥಳದಲ್ಲಿ ಇಂಥ ಕೆಲಸ ನಡೆಯಿತು. ಸಮೃದ್ಧಿಯೇ ಧನ್ಯತೆಯಲ್ಲವೆಂದು ತೋರಿಸುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವನ್ನು ನಾವು ಹುಡುಕಬೇಕಾದ ಅಗತ್ಯವಿಲ್ಲ. ಅಲ್ಲಿಗೆ ಹೋದ ತಾಯಂದಿರ ಮೇಲೆಯೇ ತಪ್ಪನ್ನೆಲ್ಲ ಹೊರಿಸುವವರು, ಮದುವೆಯ ದಿನ ಆ ತಾಯಂದಿರ ತಲೆಯ ಮೇಲೆ ಕೈಯಿಟ್ಟು ಹರಸಿದವರು ಯಾರೆಂಬುದನ್ನೂ ವಿಚಾರಿಸಲಿ.

ಲೂಕನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಎರಡೇ ವಚನಗಳ ಒಂದು ಸಣ್ಣ ಸಂಗತಿಯುಂಟು. ಯೇಸುವು ಜನರ ಗುಂಪಿನಲ್ಲಿ ಮಾತಾಡುತ್ತಿರುವಾಗ ಒಬ್ಬ ಹೆಂಗಸು ಸ್ವರವೆತ್ತಿ, ಇಂಥ ಮಗನನ್ನು ಹೊತ್ತು ಹಾಲೂಡಿಸಿದ ತಾಯಿಯೇ ಧನ್ಯಳೆಂದು ಕೂಗುತ್ತಾಳೆ. ಹೊಗಳಿಕೆಯು ಸಹಜವಾದುದು, ಮಂಡ್ಯದ ಸಂತೆಯಲ್ಲಿಯೂ ಇಂದು ಯಾರಾದರೂ ಹಾಗೆಯೇ ಹೊಗಳಿಯಾರು. ಯೇಸುವು ಆ ಹೆಂಗಸನ್ನು ಗದರಿಸಲಿಲ್ಲ. ಆದರೆ ಅವಳ ಮಾತನ್ನು ಅಲ್ಲಿಗೇ ಬಿಡಲೂ ಇಲ್ಲ. ದೇವರ ವಾಕ್ಯವನ್ನು ಕೇಳಿ ಅದನ್ನು ಕಾಯುವವರೇ ಇನ್ನೂ ಧನ್ಯರೆಂಬ ಅರ್ಥವುಳ್ಳ ಉತ್ತರವನ್ನು ಕೊಟ್ಟನು. ಹೊಲವನ್ನು ಕಾಯುವಂತೆ, ಮನೆಯನ್ನು ಕಾಯುವಂತೆ ಕಾಯುವುದೆಂಬ ಅರ್ಥವು ಅಲ್ಲಿಯ ಗ್ರೀಕ್ ಮಾತಿನಲ್ಲಿದೆ. ಇದರಿಂದ ತನ್ನ ತಾಯಿಯನ್ನು ಆತನು ಕಡೆಗಣಿಸಿದನೆಂದು ತಿಳಿಯಬಾರದು. ಮರಿಯಳು ತಾನು ಕೇಳಿದ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ಯೋಚಿಸುತ್ತಿದ್ದಳೆಂದು ಇದೇ ಲೂಕನು ಮೊದಲೇ ಬರೆದಿದ್ದಾನೆ. ಅವಳ ಬಂಧುವಾದ ಎಲಿಸಬೇತಳು ಅವಳನ್ನು ಎದುರುಗೊಂಡಾಗ ಎರಡು ಮಾತುಗಳನ್ನೂ ಆಡಿದಳು: ಸ್ತ್ರೀಯರಲ್ಲಿ ಆಶೀರ್ವಾದ ಹೊಂದಿದವಳೆಂದಳು, ಆಮೇಲೆ ಧನ್ಯಳೆಂದೂ ಕರೆದಳು. ಎರಡನೆಯದಕ್ಕೆ ಅವಳು ಕೊಟ್ಟ ಕಾರಣವು ಮರಿಯಳ ಗರ್ಭವಲ್ಲ, ಮರಿಯಳ ನಂಬಿಕೆ.

ಹೀಗೆ ಒಂದೇ ಉತ್ತರದಲ್ಲಿ ಯೇಸುವು ಹೆಣ್ಣಿನ ಧನ್ಯತೆಯನ್ನು ಮಡಿಲಿನಿಂದ ಕಿವಿಗೂ ಮನಸ್ಸಿಗೂ ವರ್ಗಾಯಿಸಿದನು. ಮಕ್ಕಳಿಲ್ಲದವಳಿಗೂ, ಮದುವೆಯಾಗದವಳಿಗೂ, ಹೆಣ್ಣುಮಕ್ಕಳನ್ನೇ ಹೆತ್ತವಳಿಗೂ, ವಿಧವೆಗೂ ಅದು ತೆರೆದ ಬಾಗಿಲು. ತಾಯ್ತನವು ಇದರಿಂದ ಸಣ್ಣದಾಗಲಿಲ್ಲ. ಧನ್ಯತೆಗೆ ಅದೊಂದೇ ದಾರಿಯೆಂಬ ಕಟ್ಟು ಮಾತ್ರ ಮುರಿಯಿತು. ನಾವು ನೋಡಿದ ಮಟ್ಟಿಗೆ, ಹೆಣ್ಣುಮಕ್ಕಳ ಹೈಸ್ಕೂಲೊಂದರ ಬಾಗಿಲ ಮೇಲೆ ಕೆತ್ತಿಸುವುದಕ್ಕೆ ಇದಕ್ಕಿಂತ ತಕ್ಕ ವಚನವು ಸುವಾರ್ತೆಗಳಲ್ಲಿ ಇನ್ನೊಂದಿಲ್ಲ.

ಇದಕ್ಕೆ ನಮ್ಮ ಕನ್ನಡವೂ ಒಂದು ಸಹಾಯವನ್ನು ಮಾಡುತ್ತದೆ. ಒಂದನೆಯ ಕೀರ್ತನೆಯು ಧನ್ಯನು ಎಂದು ಪುಲ್ಲಿಂಗದಲ್ಲಿ ಮೊದಲಾಗುತ್ತದೆ. ತರಗತಿಯಲ್ಲಿ ಅದನ್ನು ಓದುವ ಹುಡುಗಿಯೊಬ್ಬಳು, ಇದು ನನಗೋ ಅಣ್ಣನಿಗೋ ಎಂದು ಕೇಳಿದರೆ ಅವಳ ಪ್ರಶ್ನೆಯು ಅಧಿಕಪ್ರಸಂಗವಲ್ಲ. ಯೇಸುವಿನ ಉತ್ತರವೂ ಬೆಟ್ಟದ ಮೇಲಣ ಉಪದೇಶವೂ ಬಹುವಚನದಲ್ಲಿವೆ. ಧನ್ಯರು ಎಂಬ ಕನ್ನಡ ರೂಪದಲ್ಲಿ ಗಂಡು ಹೆಣ್ಣು ಎಂಬ ಭೇದವೇ ಇಲ್ಲ. ಬೇರೆ ಎಷ್ಟೋ ಭಾಷೆಗಳಿಗೆ ಇಲ್ಲದ ಸೌಕರ್ಯ ಇದು. ವ್ಯಾಕರಣದ ಪಾಠವನ್ನು ಬೇಸರದಿಂದ ಕೇಳಿದ ಹಳೆಯ ವಿದ್ಯಾರ್ಥಿನಿಯರು ಈಗಲಾದರೂ ಬಹುವಚನ ಪ್ರತ್ಯಯವನ್ನು ಕ್ಷಮಿಸಿಯಾರು!

ಸಮಾರ್ಯದ ಸ್ತ್ರೀಯ ಕಥೆಯನ್ನೂ ನೆನೆಯೋಣ. ಯೆಹೂದ್ಯರು ತಮ್ಮೊಡನೆ ಸೇರಿಸಿಕೊಳ್ಳದಿದ್ದ ಜನಾಂಗದ ಹೆಂಗಸು ಅವಳು. ನಡುಮಧ್ಯಾಹ್ನದಲ್ಲಿ ಒಬ್ಬಳೇ ಬಾವಿಗೆ ಬಂದಳು. ಯೇಸುವು ಅವಳ ಪಾತ್ರೆಯಿಂದ ನೀರನ್ನು ಕೇಳಿದನು. ಯಾರ ಕೈಯ ನೀರನ್ನು ಯಾರು ಕುಡಿಯಬಹುದೆಂಬ ಲೆಕ್ಕವನ್ನು ನೂರಾರು ವರ್ಷ ಇಟ್ಟುಕೊಂಡು ಬಂದ ನಮ್ಮ ಹಳ್ಳಿಗಳಲ್ಲಿ ಈ ಕಥೆಯನ್ನು ಮೊದಲನೆಯ ಸಲ ಕೇಳಿದವರಿಗೆ ಹೇಗಾಗಿರಬೇಕು! ಅವಳು ಕೊಡವನ್ನು ಬಾವಿಯ ಬಳಿಯಲ್ಲಿಯೇ ಬಿಟ್ಟು ಊರೊಳಕ್ಕೆ ಓಡಿದಳೆಂದು ಯೋಹಾನನು ಬರೆದಿದ್ದಾನೆ. ನೀರು ಸೇದುವುದೇ ಹೆಣ್ಣಿನ ಬಾಳೆಂದು ತಿಳಿದಿದ್ದವರು ಆ ಬಿಟ್ಟ ಕೊಡವನ್ನು ಮರೆಯಲಾರರು. ಅವಳ ಮಾತನ್ನು ಕೇಳಿಯೇ ಆ ಊರಿನ ಅನೇಕರು ನಂಬಿದರು.

ತಾಯಿತಂದೆಗಳು ಇದರಿಂದ ಏನು ಮಾಡಬಹುದೆಂದು ಕೇಳಿದರೆ, ದೊಡ್ಡ ಮಾತುಗಳನ್ನು ಬಿಟ್ಟು ಎರಡು ಸಂಗತಿಗಳನ್ನು ಹೇಳುತ್ತೇವೆ. ಮೊದಲನೆಯದು ಆಸ್ತಿಯ ವಿಷಯ. ಅರಣ್ಯಕಾಂಡದಲ್ಲಿ ಚಲ್ಪಹಾದನೆಂಬವನ ಐದು ಮಂದಿ ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ಗಂಡುಮಕ್ಕಳಿಲ್ಲದೆ ಸತ್ತ ತಮ್ಮ ತಂದೆಯ ಸ್ವಾಸ್ತ್ಯವನ್ನು ಕೇಳಿದರು. ಅವರು ಕೇಳಿದ್ದು ನ್ಯಾಯವೆಂದು ದೇವರೇ ತೀರ್ಪುಕೊಟ್ಟನು. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಕಾನೂನನ್ನು ಮಾಡಿತು. ಕ್ರೈಸ್ತರಿಗೆ ಈಗ ಅನ್ವಯಿಸುವ ೧೯೨೫ರ ವಾರಸು ಕಾನೂನಿನಲ್ಲಿ, ಉಯಿಲು ಬರೆಯದೆ ತೀರಿಕೊಂಡವರ ಮಕ್ಕಳಲ್ಲಿ ಗಂಡಿಗೂ ಹೆಣ್ಣಿಗೂ ಸಮಭಾಗ. ೨೦೦೫ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದಲ್ಲಿಯೂ ಮಗಳು ಮಗನಿಗೆ ಸಮನಾದಳು. ಕಾನೂನು ಕೊಟ್ಟುದನ್ನು, ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟೆನೆಂಬ ಕಾಗದದ ಮೇಲೆ ಮಗಳ ಸಹಿ ಹಾಕಿಸಿ ಹಿಂದಕ್ಕೆ ತೆಗೆದುಕೊಳ್ಳುವ ಮನೆಯಲ್ಲಿ ಆಶೀರ್ವಾದದ ಪ್ರಾರ್ಥನೆಯು ಹೇಗೆ ನಡೆಯುತ್ತದೋ ನಾವರಿಯೆವು.

ಎರಡನೆಯದು, ಹೆಣ್ಣುಮಗು ಹುಟ್ಟಿದ ಮನೆಯಲ್ಲಿ ಏನನ್ನು ಓದಬೇಕೆಂಬುದು. ಕೆಲವು ಮನೆಗಳಲ್ಲಿ ಆ ದಿನ ಸಿಹಿಯನ್ನು ಹಂಚುವುದೇ ಇಲ್ಲ. ಮುಂದಿನದು ಗಂಡಾಗಲೆಂದು ಬಂದವರು ಸಮಾಧಾನ ಹೇಳಿ ಹೋಗುತ್ತಾರೆ. ಅಂಥ ದಿನ ಯೋಬನ ಪುಸ್ತಕದ ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಬೇಕೆಂದು ನಮ್ಮ ಸಲಹೆ. ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ದೇವರು ಕಡೆಯ ದಿನಗಳಲ್ಲಿ ಮೊದಲಿಗಿಂತ ಹೆಚ್ಚಾದ ಆಶೀರ್ವಾದವನ್ನು ಕೊಟ್ಟನು. ಏಳು ಮಂದಿ ಗಂಡುಮಕ್ಕಳೂ ಮೂವರು ಹೆಣ್ಣುಮಕ್ಕಳೂ ಹುಟ್ಟಿದರು. ಗಂಡುಮಕ್ಕಳ ಹೆಸರುಗಳನ್ನು ಆ ಪುಸ್ತಕವು ಹೇಳುವುದಿಲ್ಲ. ಹೆಣ್ಣುಮಕ್ಕಳ ಹೆಸರುಗಳನ್ನು ಮಾತ್ರ ಒಂದೊಂದಾಗಿ ಹೇಳುತ್ತದೆ: ಯೆಮೀಮ, ಕೆಚೀಯ, ಕೆರೆನ್‌ಹಪ್ಪೂಕ್. ಒಬ್ಬಳ ಹೆಸರಿಗೆ ಪಾರಿವಾಳವೆಂದೂ, ಒಬ್ಬಳ ಹೆಸರಿಗೆ ಸುಗಂಧದ ಚಕ್ಕೆಯೆಂದೂ, ಮೂರನೆಯವಳ ಹೆಸರಿಗೆ ಕಾಡಿಗೆಯ ಭರಣಿಯೆಂದೂ ಅರ್ಥ ಹೇಳುತ್ತಾರೆ. ಮನೆಯೊಳಗೆ ಮುದ್ದಾಗಿ ಕೂಗುವ ಹೆಸರುಗಳವು. ಅವರ ತಂದೆಯು ಅವರಿಗೆ ಅವರ ಅಣ್ಣತಮ್ಮಂದಿರ ನಡುವೆಯೇ ಸ್ವಾಸ್ತ್ಯವನ್ನು ಕೊಟ್ಟನೆಂದೂ ಅಲ್ಲಿ ಬರೆದಿದೆ.